ಅರಳಸುರಳಿ ತಿರುವಿನ ಹಾರ್ನ್

ಗಿರಿಧಾಮ ಮೋಟಾರ್ಸ್‌ನ ಹಳೆಯ ಯಜಮಾನರು ಬದುಕಿದ್ದ ಕಾಲದಲ್ಲಿ ಬಸ್ಸಿನೊಳಗೆ ಮೊಬೈಲ್ ಹಿಡಿದು ಸಿಕ್ಕಿಬಿದ್ದ ಕಂಡಕ್ಟರನಿಗೆ ಮರುದಿನ ಕೆಲಸ ಇರುತ್ತಿರಲಿಲ್ಲ. ಅವರು ತೀರಿಕೊಂಡು ಮಗ ಹರ್ಷವರ್ಧನ ಕಂಪನಿ ನೋಡಿಕೊಳ್ಳತೊಡಗಿದ ಮೇಲೆ ಲೆಕ್ಕ ಉಲ್ಟಾ ಆಯಿತು. ಸಾಗರದ ಆಫೀಸಿನ ಹಿಂದಿನ ಶೆಡ್ಡಿನಲ್ಲಿ ಅವನು ಡ್ರೈವರು, ಕಂಡಕ್ಟರು, ಬುಕಿಂಗ್ ಏಜೆಂಟರನ್ನೆಲ್ಲ ಪ್ಲಾಸ್ಟಿಕ್ ಕುರ್ಚಿ ಹಾಕಿ ಕೂರಿಸಿದ. ಎಲ್ಲರಿಗೂ ಮಸಾಲೆ ದೋಸೆ ತರಿಸಿದ. ಆಮೇಲೆ ತನ್ನ ಮೊಬೈಲನ್ನು ಎತ್ತಿ ಹಿಡಿದು ಮಾತು ಶುರುಮಾಡಿದ.

"ಸರ್ಕಾರಿ ಬಸ್ಸಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ. ಅದನ್ನ ಬಿಟ್ಟು ಅವರು ನಮ್ಮ ಬಸ್ಸಿಗೆ ಯಾಕೆ ಹತ್ತಬೇಕು ಹೇಳಿ. ನಿಮ್ಮ ಮುಖ ನೋಡಿ ಹತ್ತಬೇಕು, ಅಷ್ಟೇ ಉಳಿದಿರೋದು. ಕಂಪನಿಗೆ ಪೇಜ್ ಇದೆ, ಬ್ಲಾಗ್ ಇದೆ. ದಿನಾ ಏನಾದ್ರೂ ಬರೀರಿ. ನೋಡಿದ್ದು, ಕೇಳಿದ್ದು, ನಗು ಬಂದಿದ್ದು. ಕಾಗುಣಿತ ತಪ್ಪಾದ್ರೆ ಆಗ್ಲಿ. ಯಾರ ಬರಹ ತಿಂಗಳಲ್ಲಿ ಜಾಸ್ತಿ ಜನ ನೋಡ್ತಾರೋ ಅವರ ಫೋಟೋ ಬಸ್ಸಿನ ಹಿಂದಿನ ಗಾಜಿಗೆ."

ಹಿಂದಿನ ಸಾಲಿನಲ್ಲಿ ಕೂತಿದ್ದ ಡ್ರೈವರ್ ರಾಮಚಂದ್ರಪ್ಪ ಪಕ್ಕದಲ್ಲಿದ್ದ ತನ್ನ ಕಂಡಕ್ಟರ್ ನಾಗೇಂದ್ರನ ಕಡೆ ಬಗ್ಗಿ, "ಬ್ಲಾಕ್ ಅಂದ್ರೆ ಎಂತ ಮಾರಾಯ?" ಎಂದು ಕೇಳಿದ.

"ಬ್ಲಾಗ್, ರಾಮಣ್ಣ. ಪೇಪರಿನ ತರ. ನಾವೇ ಬರಿಯೋದು, ನಾವೇ ಹಂಚೋದು."

"ನಂಗೆ ಸ್ಟೇರಿಂಗ್ ಒಂದು ಸಾಕು," ಎಂದು ರಾಮಚಂದ್ರಪ್ಪ ದೋಸೆಯ ಎಲೆ ಮಡಚಿದ.

ಇಬ್ಬರೂ ಸಾಗರದಿಂದ ಹೊಸನಗರ ಹಾದು ತೀರ್ಥಹಳ್ಳಿಗೆ ಹೋಗುವ ಬಸ್ಸಿನಲ್ಲಿ ಬಹಳ ವರ್ಷಗಳಿಂದ ಒಟ್ಟಿಗೆ ಇದ್ದವರು. ರಾಮಚಂದ್ರಪ್ಪ ಐವತ್ತು ದಾಟಿದವನು. ಮದುವೆಯಾಗಿರಲಿಲ್ಲ. ಬಟ್ಟೆಮಲ್ಲಪ್ಪದ ಹತ್ತಿರ ಅಣ್ಣ ಮಂಜಯ್ಯನ ಮನೆಯಲ್ಲಿ ಒಂದು ಕೋಣೆ ಅವನದು. ನಾಗೇಂದ್ರ ಅವನಿಗಿಂತ ಸಾಕಷ್ಟು ಚಿಕ್ಕವನು, ಹೊಸನಗರದಲ್ಲಿ ಹೆಂಡತಿ ಭವ್ಯಾ ಮತ್ತು ಮಗಳ ಜೊತೆ ಬಾಡಿಗೆ ಮನೆಯಲ್ಲಿದ್ದ. ಅವನಿಗೆ ಒಂದು ಗುಣ ಹುಟ್ಟಿನಿಂದ ಬಂದಿತ್ತು. ಒಬ್ಬ ಮನುಷ್ಯನನ್ನು ಒಂದು ಸಲ ನೋಡಿದರೆ ಅವನ ನಡಿಗೆ, ಅವನ ಮಾತಿನ ಎಳೆತ, ಅವನು ಚಿಲ್ಲರೆ ಎಣಿಸುವ ರೀತಿ ಎಲ್ಲವನ್ನೂ ಹಿಡಿದುಬಿಡುತ್ತಿದ್ದ. ಸ್ಟ್ಯಾಂಡಿನಲ್ಲಿ ಅವನು ಯಾರನ್ನಾದರೂ ಅಣಕಿಸಿ ತೋರಿಸಿದರೆ ಹಣ್ಣಿನ ಗಾಡಿಯವರೂ ವ್ಯಾಪಾರ ಬಿಟ್ಟು ನೋಡುತ್ತಿದ್ದರು.

ಬರೆಯಲು ಕೂತಾಗ ಆ ಗುಣವೇ ಬೆರಳಿಗೆ ಬಂತು. ಮೊದಲು ಅವನು ಬೆಳಗಿನ ಮಂಜಿನ ಫೋಟೋ, ಶರಾವತಿ ಹಿನ್ನೀರಿನ ಫೋಟೋ ಹಾಕಿದ. ಯಾರೂ ನೋಡಲಿಲ್ಲ. ಆಮೇಲೆ, ಹುಂಚಕ್ಕೆ ಹೋಗುವ ಮುದುಕಿಯೊಬ್ಬಳು ಕೋಳಿಗೆ ಅರ್ಧ ಟಿಕೆಟ್ಟೋ ಪೂರ್ತಿಯೋ ಎಂದು ಜಗಳ ತೆಗೆದದ್ದನ್ನು ಬರೆದ. ಜನ ನಕ್ಕರು. ಹೊಸನಗರ ಸ್ಟ್ಯಾಂಡಿನಲ್ಲಿ ಕಡಲೆ ಮಾರುವ, ಮಾತು ತೊದಲುವ ಹೇರಂಬನ ಬಗ್ಗೆ ಬರೆದ. ಅವನು 'ಕಡ್ಲೆ' ಎನ್ನುವುದರೊಳಗೆ ಬಸ್ಸು ಅರಳಸುರಳಿ ಮುಟ್ಟಿರುತ್ತದೆ ಎಂದು. ಜನ ಇನ್ನೂ ಜಾಸ್ತಿ ನಕ್ಕರು. ಹೇರಂಬ ಕೂಗಿ ಮಾರುವುದನ್ನು ಬಿಟ್ಟು, ಪೊಟ್ಟಣ ಹಿಡಿದು ಕಿಟಕಿಯ ಕೆಳಗೆ ಸುಮ್ಮನೆ ನಿಲ್ಲತೊಡಗಿದ. ನಾಗೇಂದ್ರ ಅದನ್ನು ಗಮನಿಸಿದ. ಬರೆದದ್ದನ್ನು ಅಳಿಸಲಿಲ್ಲ. ಮೊಬೈಲ್ ಜೇಬಿನೊಳಗೆ ಗುಂಯ್ ಎಂದಾಗಲೆಲ್ಲ ಅವನಿಗೆ ಎದೆಯಲ್ಲಿ ಏನೋ ಸಿಹಿ ಇಳಿಯುತ್ತಿತ್ತು. ಟಿಕೆಟ್ ಹರಿಯುವಾಗಲೂ ಅವನ ಒಂದು ಕೈ ಜೇಬಿನ ಮೇಲೇ ಇರುತ್ತಿತ್ತು.

ಹರ್ಷವರ್ಧನ ಅವನನ್ನು ಆಫೀಸಿಗೆ ಕರೆಸಿ ಬೆನ್ನು ತಟ್ಟಿದ. "ನಿಮಗೆ ಅರ್ಥ ಆಗಿದೆ ನಾಗೇಂದ್ರ. ಜನಕ್ಕೆ ಗುಡ್ಡ ಬೆಟ್ಟ ಬೇಡ. ಜನಕ್ಕೆ ಜನ ಬೇಕು. ಹತ್ತಿರದಿಂದ ಗೊತ್ತಿರೋರ ಬಗ್ಗೆ ಬರೀರಿ."

ಎರಡು ತಿಂಗಳು ನಾಗೇಂದ್ರನ ಫೋಟೋ ಬಸ್ಸಿನ ಹಿಂದಿನ ಗಾಜಿನಲ್ಲಿ ಇತ್ತು. ಮೂರನೆಯ ತಿಂಗಳು ಅದನ್ನು ಕಿತ್ತು ಜೋಗದ ಬಸ್ಸಿನ ಕಂಡಕ್ಟರ್ ವಿನೋದನ ಫೋಟೋ ಅಂಟಿಸಿದರು. ಅವನು ಜಲಪಾತದ ಎದುರು ಪ್ರವಾಸಿ ಹೆಂಗಸರ ಜೊತೆ ಕುಣಿದ ವಿಡಿಯೋ ಊರೆಲ್ಲ ಓಡಿತ್ತು. ತನ್ನ ಮುಖವಿದ್ದ ಜಾಗದಲ್ಲಿ ವಿನೋದನ ಹಲ್ಲು ಕಂಡ ದಿನ ನಾಗೇಂದ್ರನಿಗೆ ಊಟ ಸೇರಲಿಲ್ಲ. ಬರೆಯಲು ಏನಿದೆ ಎಂದು ದಾರಿಯುದ್ದಕ್ಕೂ ಹುಡುಕಿದ. ಕೋಳಿ ಆಗಿತ್ತು, ಕಡಲೆ ಆಗಿತ್ತು, ವಾಂತಿ ಮಾಡಿದ ಮೇಷ್ಟ್ರೂ ಆಗಿದ್ದರು. ಅರಳಸುರಳಿಗೆ ಮುಂಚಿನ ತಿರುವಿನಲ್ಲಿ ರಾಮಚಂದ್ರಪ್ಪ ಎಂದಿನಂತೆ ಎರಡು ಸಲ ಹಾರ್ನ್ ಹೊಡೆದ. ನಾಗೇಂದ್ರ ತಲೆ ಎತ್ತಿ ನೋಡಿದ.

ಆ ತಿರುವಿನಲ್ಲಿ ರಸ್ತೆಗೆ ತಾಗಿ ಒಂದು ಹೆಂಚಿನ ಮನೆ ಇತ್ತು. ಹಾರ್ನ್ ಕೇಳಿದ ಕೂಡಲೇ ಒಬ್ಬ ಹೆಂಗಸು ಕೈಯಲ್ಲಿದ್ದ ಪೊರಕೆಯನ್ನೋ ಸೌಟನ್ನೋ ಹಾಗೇ ಹಿಡಿದು ಗೇಟಿನ ಹತ್ತಿರ ಬಂದು ನಿಲ್ಲುತ್ತಿದ್ದಳು. ಕೈ ಬೀಸುತ್ತಿರಲಿಲ್ಲ. ರಾಮಚಂದ್ರಪ್ಪ ತಲೆ ತಿರುಗಿಸುತ್ತಿರಲಿಲ್ಲ. ಪಕ್ಕದ ಕನ್ನಡಿಯಲ್ಲಿ ಅವಳು ಸಣ್ಣದಾಗುವವರೆಗೆ ನೋಡಿ ಗೇರ್ ಬದಲಿಸುತ್ತಿದ್ದ.

ಅವಳು ಯಾರೆಂದು ನಾಗೇಂದ್ರನಿಗೆ ಗೊತ್ತಿತ್ತು. ಹಿಂದೊಮ್ಮೆ ಟೈರು ಪಂಕ್ಚರ್ ಆಗಿ ಇಬ್ಬರೂ ರಸ್ತೆ ಬದಿ ಕೂತಿದ್ದಾಗ ರಾಮಚಂದ್ರಪ್ಪನೇ ಹೇಳಿದ್ದ.

"ಅವಳು ನನ್ನ ತಂಗಿ, ಪ್ರತಿಮಾ. ಸುಬ್ಬಪ್ಪ ಅಂತ ಬೇರೆ ಜಾತಿಯವನ ಜೊತೆ ಹೋಗಿ ಮದುವೆ ಆದ್ಲು. ಅವಳ ಮನೆ ಹೊಸ್ತಿಲು ತುಳಿದವನು ನಮ್ಮ ಮನೆ ಹೊಸ್ತಿಲು ತುಳಿಯೋ ಹಾಗಿಲ್ಲ ಅಂತ ಅಣ್ಣ ಹೇಳಿಬಿಟ್ಟ. ನಂಗೆ ಗೊತ್ತು ಮಾಡಿದ್ದ ಹೆಣ್ಣಿನವರೂ ಅದೇ ನೆಪ ಹೇಳಿ ಹಿಂದೆ ಸರಿದ್ರು. ಅವಳ ಮೇಲೆ ನಂಗೆ ಸಿಟ್ಟಿಲ್ಲ. ನಾನು ಹೊಸ್ತಿಲು ತುಳಿದಿಲ್ಲ ಮಾರಾಯ. ತಿರುವಲ್ಲಿ ಹಾರ್ನ್ ಹೊಡೀಬೇಕು ಅಂತ ಲೈಸೆನ್ಸ್ ಕೊಡುವಾಗ್ಲೇ ಹೇಳಿದಾರಲ್ಲ. ಹೊಡೀತೀನಿ. ಬದುಕಿದಾನೆ ಅಂತ ಅವಳಿಗೆ ಗೊತ್ತಾಗ್ತದೆ, ಬದುಕಿದಾಳೆ ಅಂತ ನಂಗೆ ಗೊತ್ತಾಗ್ತದೆ. ಯಾರತ್ರನೂ ಹೇಳ್ಬೇಡ."

"ನಾನೆಂತಕ್ಕೆ ಹೇಳ್ಲಿ ರಾಮಣ್ಣ," ಎಂದಿದ್ದ ನಾಗೇಂದ್ರ.

ಈಗಲೂ ಅವನು ಹೇಳಲಿಲ್ಲ. ತಂಗಿ ಎನ್ನುವುದನ್ನು ಬಿಟ್ಟು ಉಳಿದದ್ದನ್ನು ಬರೆದ. 'ನಮ್ಮ ಡ್ರೈವರ್ ಅಣ್ಣನಿಗೆ ಮದುವೆ ಆಗಿಲ್ಲ. ಆದರೂ ಅರಳಸುರಳಿ ತಿರುವಿನಲ್ಲಿ ದಿನಾ ಎರಡು ಹಾರ್ನ್ ಹೊಡೀತಾರೆ. ಎದುರಿಗೆ ಗಾಡಿ ಇಲ್ಲ, ದನ ಇಲ್ಲ. ಒಂದು ಮನೆ ಇದೆ. ಮನೆಯಿಂದ ಒಬ್ಬರು ಹೊರಗೆ ಬರ್ತಾರೆ. ಯಾರಿರಬಹುದು? ಕಮೆಂಟಲ್ಲಿ ಹೇಳಿ.' ತೀರ್ಥಹಳ್ಳಿ ಸ್ಟ್ಯಾಂಡಿನಲ್ಲಿ, ರಾಮಚಂದ್ರಪ್ಪ ಇಬ್ಬರಿಗೂ ಸೇರಿಸಿ ಎರಡು ಚಾ ಹಿಡಿದುಕೊಂಡು ಬರುವಷ್ಟರಲ್ಲಿ ಅದನ್ನು ಹಾಕಿ ಮುಗಿಸಿದ್ದ. ಚಾ ತೆಗೆದುಕೊಳ್ಳುವಾಗ ಅವನ ಮುಖ ನೋಡಲಿಲ್ಲ. ಕುಡಿದು ಮುಗಿಯುವಷ್ಟರಲ್ಲಿ ಜೇಬು ಬಿಡದೆ ಗುಂಯ್‌ಗುಟ್ಟತೊಡಗಿತ್ತು.

ಕಮೆಂಟುಗಳಲ್ಲಿ ಜನ ಹೇಳಿದರು. ಹೇಳಬಾರದ್ದನ್ನೆಲ್ಲ ಹೇಳಿದರು. ಆ ಮನೆಯ ಗಂಡ ಯಾವ ಹೊತ್ತಿಗೆ ಕೆಲಸಕ್ಕೆ ಹೋಗುತ್ತಾನೆ ಎಂದು ಒಬ್ಬ ವಿಚಾರಿಸಿದ. ಒಬ್ಬ ಬಸ್ಸಿನ ಕಿಟಕಿಯಿಂದ ಅವಳ ಫೋಟೋ ತೆಗೆದು ಅಲ್ಲೇ ಅಂಟಿಸಿದ. ಫೋಟೋದಲ್ಲಿ ಪ್ರತಿಮಾ ಸೆರಗಿನಿಂದ ಕೈ ಒರೆಸುತ್ತಾ ಬಸ್ಸಿನ ಮುಂಭಾಗವನ್ನು ನೋಡುತ್ತಿದ್ದಳು. ಮುಖದಲ್ಲಿ ಸಣ್ಣ ನಗು ಇತ್ತು. ಆ ನಗುವಿಗೂ ಜನ ಅರ್ಥ ಹಚ್ಚಿದರು.

ರಾಮಚಂದ್ರಪ್ಪನ ಹತ್ತಿರ ಇದ್ದದ್ದು ಗುಂಡಿ ಒತ್ತುವ ಹಳೆಯ ಫೋನು. ಅವನಿಗೆ ವಿಷಯ ಗೊತ್ತಾದದ್ದು ಕಾಲೇಜು ಹುಡುಗರಿಂದ. ತಿರುವು ಹತ್ತಿರ ಬರುತ್ತಿದ್ದಂತೆ ಹಿಂದಿನಿಂದ ಹುಡುಗರು, "ಅಣ್ಣಾ, ಹೊಡೀರಿ, ಅತ್ತಿಗೆ ಕಾಯ್ತಿದಾರೆ," ಎಂದರು. ಬಸ್ಸಿನ ಎಡಗಡೆ ಕೂತಿದ್ದವರೆಲ್ಲ ಮೊಬೈಲ್ ಎತ್ತಿದರು. ರಾಮಚಂದ್ರಪ್ಪನ ಕೈ ಹಾರ್ನಿನ ಮೇಲೆ ಹೋಗಿದ್ದು ಅಲ್ಲೇ ನಿಂತಿತು. ಹೊಡೆಯಲಿಲ್ಲ. ಹುಡುಗರು ಬಾಯಲ್ಲೇ ಹಾರ್ನಿನ ಸದ್ದು ಮಾಡಿದರು. ಪ್ರತಿಮಾ ಗೇಟಿಗೆ ಬಂದಳು. ಸಾಲಾಗಿ ತನ್ನ ಕಡೆ ತಿರುಗಿದ್ದ ಮೊಬೈಲುಗಳನ್ನು ನೋಡಿದಳು. ಏನೆಂದು ತಿಳಿಯದೆ ಅಲ್ಲೇ ನಿಂತಿದ್ದಳು.

ತೀರ್ಥಹಳ್ಳಿಯಲ್ಲಿ ಜನ ಇಳಿದ ಮೇಲೆ ರಾಮಚಂದ್ರಪ್ಪ ಡ್ರೈವರ್ ಸೀಟಿನಿಂದ ಏಳದೆ ಕೇಳಿದ.

"ಎಂತ ಬರ್ದಿದೀಯ?"

"ತಮಾಷೆಗೆ ಬರ್ದಿದ್ದು ರಾಮಣ್ಣ. ನಿಮ್ಮ ಹೆಸರು ಹಾಕಿಲ್ಲ."

"ಓದು."

ನಾಗೇಂದ್ರ ಓದಿದ. ಕಮೆಂಟುಗಳನ್ನು ಓದಲಿಲ್ಲ. ರಾಮಚಂದ್ರಪ್ಪ ಪೂರ್ತಿ ಕೇಳಿ, "ಅವಳು ನನ್ನ ತಂಗಿ ಅಂತ ನಿಂಗೆ ಗೊತ್ತಿತ್ತಲ್ಲ," ಎಂದ.

"ಯಾರತ್ರನೂ ಹೇಳ್ಬೇಡ ಅಂದಿದ್ರಿ. ಅದಕ್ಕೇ ಅದನ್ನ ಬರೀಲಿಲ್ಲ."

ಬೈಯುತ್ತಾನೆ ಎಂದು ನಾಗೇಂದ್ರ ಕಾದ. "ತೆಗ್ದುಬಿಡು ಮಾರಾಯ," ಎಂದಷ್ಟೇ ಹೇಳಿ ರಾಮಚಂದ್ರಪ್ಪ ಇಂಜಿನ್ ನೀರು ನೋಡಲು ಇಳಿದುಹೋದ.

ನಾಗೇಂದ್ರ ತೆಗೆಯುತ್ತಿದ್ದನೋ ಏನೋ. ಅಷ್ಟರಲ್ಲಿ ಹರ್ಷವರ್ಧನನ ಫೋನ್ ಬಂತು. ಎಡಗಡೆ ಕಿಟಕಿ ಸೀಟಿಗೆ ಜನ ಮೊದಲೇ ಹೇಳಿಡುತ್ತಿದ್ದಾರಂತೆ. ಇಷ್ಟು ದಿನದಲ್ಲಿ ಇಂಥದ್ದು ಆಗಿರಲಿಲ್ಲವಂತೆ. "ತೆಗೀಬೇಡಿ. ಅವರಿಗೆ ಬೇಜಾರಾಗಿದ್ರೆ ಸರಿಮಾಡೋ ಹಾಗೆ ಇನ್ನೊಂದು ಬರೀರಿ. ಸತ್ಯ ಏನೋ ಅದನ್ನೇ ಬರೀರಿ. ಜನ ಅಳ್ತಾರೆ ನೋಡಿ," ಎಂದ.

ಈ ಮಾತಿನಲ್ಲಿ ನಾಗೇಂದ್ರನಿಗೆ ಒಂದು ದಾರಿ ಕಂಡಿತು. ಸತ್ಯ ಬರೆದರೆ ರಾಮಣ್ಣನ ಮೇಲಿನ ಕೆಟ್ಟ ಹೆಸರೂ ಹೋಗುತ್ತದೆ, ತಾನೂ ಒಳ್ಳೆಯವನಾಗುತ್ತೇನೆ ಎಂದುಕೊಂಡ. ಅಂದು ಸಂಜೆ ಮನೆಯಲ್ಲಿ ಕೂತು ಎಲ್ಲವನ್ನೂ ಬರೆದ: ತಂಗಿ, ಅವಳು ಓಡಿಹೋದದ್ದು, ಎರಡೂ ಕಡೆಯ ಜಾತಿ, ಅಣ್ಣನ ಕಟ್ಟಪ್ಪಣೆ, ಮುರಿದುಹೋದ ಮದುವೆ. ಬರೆಯುತ್ತಾ ಅವನಿಗೇ ಕಣ್ಣು ತುಂಬಿತು. ಭವ್ಯಾಳಿಗೆ ಓದಿ ಹೇಳಿದ.

"ಚೆನ್ನಾಗಿದೆ," ಎಂದಳು ಭವ್ಯಾ. "ಇದನ್ನ ಹಾಕ್ಬೇಡಿ."

"ಯಾಕೆ?"

"ಅವರು ಇಷ್ಟು ವರ್ಷ ಯಾರಿಗೂ ಹೇಳಿಲ್ಲ ಅಂದ್ರೆ ಅದಕ್ಕೊಂದು ಕಾರಣ ಇರ್ತದಲ್ಲ."

ಅವನು ಹಾಕಿದ.

ನಕ್ಕವರೆಲ್ಲ ಈಗ ಅತ್ತರು. ಮೊದಲು ನಕ್ಕದ್ದನ್ನು ಯಾರೂ ನೆನಪಿಟ್ಟುಕೊಳ್ಳಲಿಲ್ಲ. ದೂರದ ಊರುಗಳವರು ಅಣ್ಣ ತಂಗಿಯ ಪ್ರೀತಿಗೆ ಕೈಮುಗಿದರು. ಜಾತಿಯ ಬಗ್ಗೆ ಅಲ್ಲೇ ಒಬ್ಬರನ್ನೊಬ್ಬರು ಬೈದುಕೊಂಡರು. ಬಟ್ಟೆಮಲ್ಲಪ್ಪದಲ್ಲಿ ಯಾರೋ ಅದನ್ನು ಮಂಜಯ್ಯನಿಗೆ ಓದಿ ಹೇಳಿದರು. ಅದು ಸಂತೆಯ ದಿನ, ಸುತ್ತ ಜನ ಇದ್ದರು. ಮಂಜಯ್ಯ ಮನೆಗೆ ಬಂದವನೇ ತಮ್ಮನ ಕೋಣೆಯಿಂದ ಟ್ರಂಕು, ಹಾಸಿಗೆ ಎತ್ತಿ ಜಗಲಿಯ ಮೇಲಿಟ್ಟ. ಡ್ಯೂಟಿ ಮುಗಿಸಿ ಬಂದ ರಾಮಚಂದ್ರಪ್ಪ ಅಂಗಳದಲ್ಲೇ ನಿಂತ.

"ನಾನು ಹೊಸ್ತಿಲು ತುಳಿದಿಲ್ಲ ಅಣ್ಣ."

"ತುಳಿದಿದ್ರೆ ನಮ್ಮ ನಾಲ್ಕು ಜನಕ್ಕೆ ಮಾತ್ರ ಗೊತ್ತಾಗ್ತಿತ್ತು," ಎಂದ ಮಂಜಯ್ಯ. "ನೀನು ಮನೆ ವಿಷಯನ ಬಸ್ಸಿಗೆ ಹತ್ತಿಸಿದ್ದಿ. ಬಸ್ಸಲ್ಲೇ ಇರು."

ರಾಮಚಂದ್ರಪ್ಪ ಟ್ರಂಕು ಹೊತ್ತುಕೊಂಡು ಹೊರಟ. ಹೊಸನಗರದ ಸ್ಟ್ಯಾಂಡಿನ ಹಿಂದೆ ಒಂದು ಕೋಣೆ ಹಿಡಿದ. ನಾಗೇಂದ್ರನನ್ನು ಅವನು ಏನೂ ಕೇಳಲಿಲ್ಲ. ಬಸ್ಸಿನಲ್ಲಿ ಬೇಕಾದಷ್ಟೇ ಮಾತು: ಹೋಲ್ಡಾನ್, ರೈಟ್. ತಿರುವಿನಲ್ಲಿ ಈಗ ಹಾರ್ನ್ ಇರಲಿಲ್ಲ, ಗೇಟಿನಲ್ಲಿ ಯಾರೂ ಇರಲಿಲ್ಲ. ಅರಳಸುರಳಿಯ ಚಾ ಅಂಗಡಿಯವನು ಹೇಳಿದ ಪ್ರಕಾರ, ಪ್ರತಿಮಾಳ ಮಗಳು ಕಾಲೇಜಿಗೆ ಹೋಗುವುದನ್ನು ನಿಲ್ಲಿಸಿದ್ದಳು. ಕ್ಲಾಸಿನಲ್ಲಿ ಅವಳನ್ನು ಹಾರ್ನ್ ಎಂದೇ ಕರೆಯುತ್ತಿದ್ದರಂತೆ.

ಹರ್ಷವರ್ಧನನಿಗೆ ಕಥೆ ಅರ್ಧಕ್ಕೆ ನಿಂತಂತೆ ಅನ್ನಿಸುತ್ತಿತ್ತು. ಮುಂದೇನಾಯಿತು, ಅಣ್ಣ ತಂಗಿ ಸೇರಿದರೇ ಎಂದು ಜನ ದಿನಾ ಕೇಳುತ್ತಿದ್ದರು. ಒಂದು ಭಾನುವಾರ ಬಸ್ಸನ್ನು ಆ ಮನೆಯ ಮುಂದೆ ನಿಲ್ಲಿಸಿ ಇಬ್ಬರನ್ನೂ ಭೇಟಿ ಮಾಡಿಸುವುದು, ಅದನ್ನು ವಿಡಿಯೋ ಮಾಡುವುದು ಎಂದು ಅವನು ಗೊತ್ತುಮಾಡಿದ. ಆ ಮನೆಗೆ ಫೋನ್ ಮಾಡಿದಾಗ ಸುಬ್ಬಪ್ಪ ಮಾತು ಮುಗಿಯುವ ಮೊದಲೇ ಇಟ್ಟುಬಿಟ್ಟ.

"ಪರವಾಗಿಲ್ಲ," ಎಂದ ಹರ್ಷವರ್ಧನ. "ಎದುರಿಗೆ ಹೋಗಿ ನಿಂತ್ರೆ ಯಾರಿಗೂ ಇಲ್ಲ ಅನ್ನೋಕೆ ಆಗಲ್ಲ. ರಾಮಚಂದ್ರಪ್ಪನ್ನ ಒಪ್ಸೋದು ನಿಮ್ಮ ಕೆಲಸ. ಇದು ಆದ್ರೆ ನಿಮಗೆ ಬಸ್ಸು ಬೇಡ, ಆಫೀಸಲ್ಲಿ ಕೂತು ಇದನ್ನೇ ನೋಡ್ಕೊಳ್ಳಿ."

ನಾಗೇಂದ್ರ ರಾಮಚಂದ್ರಪ್ಪನ ಕೋಣೆಗೆ ಹೋದ. ಅವನು ಸ್ಟೌ ಮೇಲೆ ಗಂಜಿ ಇಟ್ಟುಕೊಂಡು ಕೂತಿದ್ದ. ಕೂರು ಎನ್ನಲಿಲ್ಲ. ನಾಗೇಂದ್ರ ತಾನಾಗೇ ಟ್ರಂಕಿನ ಮೇಲೆ ಕೂತು ಹೇಳಿದ.

"ರಾಮಣ್ಣ, ನಿಮ್ಮ ತಂಗಿ ಹೇಳಿ ಕಳ್ಸಿದಾರೆ."

ರಾಮಚಂದ್ರಪ್ಪ ಸೌಟು ಕೆಳಗಿಟ್ಟ. "ಯಾರತ್ರ?"

"ಆಫೀಸಿಗೆ ಫೋನ್ ಮಾಡಿದ್ರಂತೆ. ಹೆಂಗಿದ್ರೂ ಎಲ್ರಿಗೂ ಗೊತ್ತಾಯ್ತಲ್ಲ, ಇನ್ನೆಂತಕ್ಕೆ ದೂರ ಇರೋದು, ಅಣ್ಣ ಒಂದ್ಸಲ ಮನೆಗೆ ಬರ್ಲಿ ಅಂದ್ರಂತೆ. ಭಾನುವಾರ ಬಸ್ ನಿಲ್ಸೋಕೆ ಹರ್ಷ ಸರ್ ಒಪ್ಪಿದಾರೆ."

"ಸುಬ್ಬಪ್ಪ?"

"ಅವರೂ ಒಪ್ಪಿದಾರೆ."

ರಾಮಚಂದ್ರಪ್ಪನ ಮುಖ ಸಣ್ಣ ಮಗುವಿನ ಮುಖದ ಹಾಗೆ ಬಿಚ್ಚಿಕೊಂಡಿತು. ನಾಗೇಂದ್ರನಿಗೆ ಆ ಕ್ಷಣದಲ್ಲಿ ನಿಜ ಹೇಳಿಬಿಡಬೇಕು ಅನ್ನಿಸಿತು. ಆದರೆ ರಾಮಚಂದ್ರಪ್ಪ ಆಗಲೇ ಎದ್ದು, ಗಂಜಿಯ ಪಾತ್ರೆಗೆ ಇನ್ನೊಂದಿಷ್ಟು ನೀರು ಹಾಕಿ, "ಊಟ ಮಾಡ್ಕೊಂಡು ಹೋಗು ಮಾರಾಯ," ಎನ್ನುತ್ತಿದ್ದ. ನಾಗೇಂದ್ರ ಊಟ ಮಾಡಿದ.

ಭಾನುವಾರ ಬಸ್ಸಿಗೆ ಚೆಂಡುಹೂವಿನ ಸರ ಕಟ್ಟಿದ್ದರು. ಹರ್ಷವರ್ಧನ ಕ್ಯಾಮೆರಾದವನೊಬ್ಬನನ್ನು ಸಾಗರದಿಂದ ಕರೆತಂದಿದ್ದ. ಹತ್ತಿರದ ದೃಶ್ಯಗಳನ್ನು ನಾಗೇಂದ್ರ ತನ್ನ ಮೊಬೈಲಿನಲ್ಲಿ ತೆಗೆಯಬೇಕು ಎಂದಾಗಿತ್ತು. ಸುದ್ದಿ ತಿಳಿದು ಬಂದ ಜನರಿಂದ ಬಸ್ಸು ತುಂಬಿತ್ತು. ರಾಮಚಂದ್ರಪ್ಪ ಹೊಸ ಬಿಳಿ ಅಂಗಿ ಹಾಕಿದ್ದ. ಗೇರ್ ಬಾಕ್ಸಿನ ಪಕ್ಕ ಒಂದು ಬಟ್ಟೆ ಚೀಲ ಇತ್ತು. ಅದರಲ್ಲಿ ಸೀರೆ, ಹಸಿರು ಬಳೆ, ಮಲ್ಲಿಗೆ ದಂಡೆ, ತಂಗಿಯ ಮಗಳಿಗೆಂದು ಒಂದು ಪೆನ್ನು. ಆ ಹುಡುಗಿ ಯಾವ ಕ್ಲಾಸು ಎಂದು ಅವನಿಗೆ ಸರಿಯಾಗಿ ಗೊತ್ತಿರಲಿಲ್ಲ. ದಾರಿಯಲ್ಲಿ ನಾಗೇಂದ್ರನನ್ನು ಕರೆದು ಕೇಳಿದ. ಅವನಿಗೂ ಗೊತ್ತಿರಲಿಲ್ಲ.

ತಿರುವಿನಲ್ಲಿ ಬಸ್ಸು ನಿಂತಿತು. "ಹಾರ್ನ್ ಹೊಡೀರಿ," ಎಂದು ಹರ್ಷವರ್ಧನ ಹಿಂದಿನಿಂದ ಹೇಳಿದ. ರಾಮಚಂದ್ರಪ್ಪ ಎರಡು ಸಲ ಹೊಡೆದ. ಮನೆಯ ಬಾಗಿಲು ತೆರೆದಿತ್ತು. ಹಾರ್ನ್ ಕೇಳಿದ ಮೇಲೆ ಮುಚ್ಚಿಕೊಂಡಿತು.

ರಾಮಚಂದ್ರಪ್ಪ ಚೀಲ ಹಿಡಿದು ಇಳಿದ. ಅವನ ಹಿಂದೆ ಕ್ಯಾಮೆರಾದವನು, ನಾಗೇಂದ್ರ, ಅವರ ಹಿಂದೆ ಅರ್ಧ ಬಸ್ಸಿನ ಜನ. ಗೇಟಿನ ಹತ್ತಿರ ಸುಬ್ಬಪ್ಪ ಬಂದು ನಿಂತ. ತೆಳ್ಳಗಿನ, ಮೆತ್ತಗೆ ಮಾತಾಡುವ ಮನುಷ್ಯ. ಗೇಟಿನ ಚಿಲಕದ ಮೇಲೆ ಕೈ ಇಟ್ಟಿದ್ದ.

"ಭಾವ, ವಾಪಸ್ ಹೋಗಿ."

"ಪ್ರತಿಮಾ ಕರೆದಿದಾಳೆ ಅಂದ್ರು," ಎಂದ ರಾಮಚಂದ್ರಪ್ಪ.

"ಯಾರು ಅಂದ್ರು?"

ರಾಮಚಂದ್ರಪ್ಪ ಹಿಂದೆ ತಿರುಗಿ ನಾಗೇಂದ್ರನನ್ನು ನೋಡಿದ. ನಾಗೇಂದ್ರನ ಕಣ್ಣು ಮೊಬೈಲಿನ ಪರದೆಯ ಮೇಲಿತ್ತು. ಪರದೆಯಲ್ಲಿ ರಾಮಚಂದ್ರಪ್ಪನ ಮುಖ ಸ್ಪಷ್ಟವಾಗಿ, ಇಷ್ಟು ಹತ್ತಿರದಿಂದ ಅವನು ಎಂದೂ ನೋಡಿರದಷ್ಟು ದೊಡ್ಡದಾಗಿ ಕಾಣುತ್ತಿತ್ತು. ಅದು ತನ್ನನ್ನೇ ನೋಡುತ್ತಿದೆ ಎಂದು ಅವನಿಗೆ ತಿಳಿಯಿತು. ಅವನು ಕೈ ಅಲುಗಿಸಲಿಲ್ಲ.

"ನಾವು ಇಲ್ಲಿ ಯಾರ ತಂಟೆಗೂ ಹೋಗದೆ ಬದುಕ್ತಿದ್ವಿ ಭಾವ," ಎಂದ ಸುಬ್ಬಪ್ಪ. "ನನ್ನ ಮಗಳು ಕೋಣೆ ಬಿಟ್ಟು ಹೊರಗೆ ಬರ್ತಿಲ್ಲ. ನಿಮ್ಮ ಹತ್ರ ಜಗಳ ಮಾಡೋಕೆ ನಂಗೆ ಇಷ್ಟ ಇಲ್ಲ. ಹೋಗಿ."

ಆಗ ಕಿಟಕಿಯ ಹಿಂದಿನಿಂದ ಪ್ರತಿಮಾಳ ಸ್ವರ ಬಂತು. ಅವಳು ಕಾಣಲಿಲ್ಲ.

"ಅಣ್ಣಾ, ಇಷ್ಟು ವರ್ಷ ಒಬ್ಬನೇ ಬಂದು ಹೋಗ್ತಿದ್ದಿ. ಇವತ್ತು ಇವರನ್ನೆಲ್ಲ ಯಾಕೆ ಕರ್ಕೊಂಡು ಬಂದೆ?"

ರಾಮಚಂದ್ರಪ್ಪ ಚೀಲವನ್ನು ಗೇಟಿನ ಕಂಬದ ಮೇಲೆ ಇಡಲು ಹೋದ, ಅದು ಜಾರಿ ಒಳಗಡೆ ಬಿತ್ತು, ಬಳೆ ಒಡೆದ ಸದ್ದಾಯಿತು. ಸುಬ್ಬಪ್ಪ ಬಗ್ಗಿ ಚೀಲ ಎತ್ತಿ ಅವನ ಕೈಗೇ ವಾಪಸು ಕೊಟ್ಟ. ಕ್ಯಾಮೆರಾದವನು ಒಂದು ಹೆಜ್ಜೆ ಮುಂದೆ ಬಂದ.

ರಾಮಚಂದ್ರಪ್ಪ ಬಂದು ತನ್ನ ಸೀಟಿನಲ್ಲಿ ಕೂತ. ತೀರ್ಥಹಳ್ಳಿಯವರೆಗೂ ಬಸ್ಸನ್ನು ಸರಿಯಾಗಿಯೇ ಓಡಿಸಿದ. ಕೈ ತೋರಿಸಿದವರಿಗೆಲ್ಲ ನಿಲ್ಲಿಸಿದ. ಸ್ಟ್ಯಾಂಡಿನಲ್ಲಿ ಇಂಜಿನ್ ಬಂದ್ ಮಾಡಿ ಕೀಲಿಯನ್ನು ಹರ್ಷವರ್ಧನನ ಕೈಗೆ ಕೊಟ್ಟ. ಅವನು ಏನೋ ಸಮಾಧಾನ ಹೇಳುತ್ತಿದ್ದ. ರಾಮಚಂದ್ರಪ್ಪ ಅದನ್ನು ಕೇಳಿಸಿಕೊಳ್ಳದೆ ನಾಗೇಂದ್ರನ ಕಡೆ ತಿರುಗಿದ.

"ಅವಳು ಮಾತಾಡಿದ್ದು ಅದ್ರಲ್ಲಿ ಸಿಕ್ಕಿದ್ಯಾ?"

"ಸಿಕ್ಕಿದೆ ರಾಮಣ್ಣ."

"ಅವಳ ಸ್ವರ ಕೇಳಿ ಎಷ್ಟು ಕಾಲ ಆಗಿತ್ತು. ನಂಗೆ ಅದೊಂದು ಬೇಕು. ನಾನು ದೊಡ್ಡ ಫೋನ್ ತಗೊಳ್ತೀನಿ. ಕೊಡ್ತೀಯಲ್ಲ?"

"ಕೊಡ್ತೀನಿ."

ವಿಡಿಯೋ ಎರಡು ದಿನದಲ್ಲಿ ಪೇಜಿಗೆ ಬಂತು. ಹೊಸನಗರದ ಮನೆಯಲ್ಲಿ ಕೂತು ನಾಗೇಂದ್ರನೇ ಅದನ್ನು ಜೋಡಿಸಿದ. ಪ್ರತಿಮಾಳ ಮಾತು ಬರುವ ಜಾಗವನ್ನು ಮತ್ತೆ ಮತ್ತೆ ಹಿಂದೆ ಮುಂದೆ ಓಡಿಸುವಾಗ ಅಡುಗೆಮನೆಯಲ್ಲಿದ್ದ ಭವ್ಯಾ ಕೆಲಸ ನಿಲ್ಲಿಸಿದಳು. ಆ ಮಾತು ಇದ್ದರೆ ಕಂಪನಿ ಬಲವಂತ ಮಾಡಿಸಿದ ಹಾಗೆ ಕೇಳುತ್ತದೆ, ಅದು ಬೇಡ ಎಂದು ಹರ್ಷವರ್ಧನ ಹೇಳಿದ್ದ. ಆ ಜಾಗಕ್ಕೆ ನಾಗೇಂದ್ರ ಪಿಟೀಲಿನ ಸದ್ದು ಹಾಕಿದ. ಮುಚ್ಚಿದ ಬಾಗಿಲು, ಬಿಳಿ ಅಂಗಿಯ ಅಣ್ಣ, ಪಿಟೀಲು. ಕೊನೆಗೆ ಬಸ್ಸಿನ ಸಮಯ ಮತ್ತು ಬುಕಿಂಗ್ ನಂಬರು. ಕಂಪನಿಯ ಬೇರೆ ಯಾವುದನ್ನೂ ಜನ ಅಷ್ಟು ನೋಡಿರಲಿಲ್ಲ.

ಮರುವಾರ ರಾಮಚಂದ್ರಪ್ಪ ಸಾಗರದ ಆಫೀಸಿಗೆ ಬಂದ. ಅವನು ಮತ್ತೆ ಕೆಲಸಕ್ಕೆ ಬಂದಿರಲಿಲ್ಲ. ನಾಗೇಂದ್ರ ಈಗ ಬುಕಿಂಗ್ ಕೌಂಟರಿನ ಪಕ್ಕದ ಗಾಜಿನ ಕೋಣೆಯಲ್ಲಿ ಕಂಪ್ಯೂಟರಿನ ಮುಂದೆ ಕೂರುತ್ತಿದ್ದ. ರಾಮಚಂದ್ರಪ್ಪ ಹೊಸ ಮೊಬೈಲನ್ನು ಪ್ಲಾಸ್ಟಿಕ್ ಕವರಿನಿಂದ ತೆಗೆದು ಮೇಜಿನ ಮೇಲಿಟ್ಟ.

"ಕೌಂಟರಿನ ಹುಡುಗಿ ಹಾಕಿ ತೋರಿಸಿದ್ಲು. ಅವಳು ಮಾತಾಡಿದ್ದು ಇಲ್ಲ ಇದ್ರಲ್ಲಿ. ಪಿಟೀಲು ಇದೆ."

"ಅದು ಎಡಿಟ್ ಮಾಡಿದ್ದು ರಾಮಣ್ಣ."

"ಮೊದ್ಲು ತೆಗೆದಿದ್ದು ಇರ್ತದಲ್ಲ ನಿನ್ನ ಹತ್ರ. ಅದನ್ನ ಹಾಕ್ಕೊಡು."

ಅದು ನಾಗೇಂದ್ರನ ಜೇಬಿನಲ್ಲೇ ಇತ್ತು. ಎರಡು ಸಲ ಬೆರಳು ಒತ್ತಿದರೆ ಈ ಫೋನಿಗೆ ಬರುತ್ತಿತ್ತು. ಆದರೆ ಮೂಲ ಯಾರ ಕೈಗೂ ಸಿಗಬಾರದು, ಸಿಕ್ಕರೆ ನಾಳೆ ಬೇರೆಯವರು ಹಾಕುತ್ತಾರೆ ಎಂದು ಹರ್ಷವರ್ಧನ ಎಚ್ಚರಿಸಿದ್ದ. ಗಾಜಿನಾಚೆ ಅವನು ಫೋನಿನಲ್ಲಿ ಮಾತಾಡುತ್ತಾ ಇತ್ತಲೇ ನೋಡುತ್ತಿದ್ದ.

"ಡಿಲೀಟ್ ಆಗಿದೆ ರಾಮಣ್ಣ. ಜಾಗ ಸಾಕಾಗ್ಲಿಲ್ಲ."

ರಾಮಚಂದ್ರಪ್ಪ ಅವನ ಮುಖ ನೋಡಿದ. ನಂಬಿದನೋ ಇಲ್ಲವೋ ತಿಳಿಯಲಿಲ್ಲ. ಮೊಬೈಲನ್ನು ಮತ್ತೆ ಕವರಿಗೆ ಹಾಕಿ, ಕವರಿನ ಬಾಯಿ ಮಡಚಿ, "ಇದನ್ನ ಅಂಗಡಿಯವರು ವಾಪಸ್ ತಗೊಳ್ತಾರಾ?" ಎಂದು ಕೇಳಿದ.

"ಗೊತ್ತಿಲ್ಲ. ಕೇಳಿ ನೋಡಿ."

ಅವನು ಹೋದ ಮೇಲೆ ನಾಗೇಂದ್ರ ಜೇಬಿನಿಂದ ಮೊಬೈಲ್ ತೆಗೆದ. ಸದ್ದು ಸಣ್ಣ ಮಾಡಿಕೊಂಡು ಒಂದು ಸಲ ಕೇಳಿದ. ಆಮೇಲೆ ತಾನು ಹೇಳಿದ ಮಾತು ಸುಳ್ಳಾಗಿ ಉಳಿಯುವುದು ಬೇಡ ಎಂಬಂತೆ ಅಳಿಸಿಹಾಕಿದ.

ಮಳೆ ಶುರುವಾಗುವ ಮುಂಚೆ ಸುಬ್ಬಪ್ಪ ಆ ಮನೆಯನ್ನು ಬಾಡಿಗೆಗೆ ಕೊಟ್ಟು ಹೆಂಡತಿ ಮಗಳೊಂದಿಗೆ ಊರು ಬಿಟ್ಟ. ಎಲ್ಲಿಗೆ ಎಂದು ಯಾರಿಗೂ ಹೇಳಲಿಲ್ಲ. ರಾಮಚಂದ್ರಪ್ಪ ಒಂದಿಷ್ಟು ದಿನ ಹೊಸನಗರದಲ್ಲಿ ಗೂಡ್ಸ್ ಆಟೋ ಓಡಿಸಿದ. ಅಲ್ಲೂ ಜನ ಗುರುತು ಹಿಡಿದು ಪಕ್ಕದಲ್ಲಿ ನಿಂತು ಫೋಟೋ ಕೇಳುತ್ತಿದ್ದರು. ಅವನು ಕೇಳಿದವರ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದ. ಬೇಡ ಎನ್ನುವುದನ್ನೂ ಬಿಟ್ಟುಬಿಟ್ಟಿದ್ದ. ಆಮೇಲೆ ಘಟ್ಟದ ಕೆಳಗೆ ಲಾರಿಗೆ ಹೋದ ಎಂದು ಸುದ್ದಿ ಬಂತು.

ಹರ್ಷವರ್ಧನ ಪ್ರತಿ ತಿಂಗಳು ಸಿಬ್ಬಂದಿಗೆ ಬರೆಯುವುದನ್ನು ಕಲಿಸುವ ಸಭೆ ಇಟ್ಟ. ಕಲಿಸುವವನು ನಾಗೇಂದ್ರ. ಅವನು ಶೆಡ್ಡಿಗೆ ಕಾಲಿಡುತ್ತಿದ್ದಂತೆ ಡ್ರೈವರು ಕಂಡಕ್ಟರುಗಳ ಮಾತು ನಿಲ್ಲುತ್ತಿತ್ತು. ಚಾ ಕುಡಿಯುವಾಗ ಯಾರೂ ಅವನ ಹತ್ತಿರ ಹೆಂಡತಿಯ ಸುದ್ದಿ, ಸಾಲದ ಸುದ್ದಿ, ಮೈ ಸರಿಯಿಲ್ಲದ ಸುದ್ದಿ ಎತ್ತುತ್ತಿರಲಿಲ್ಲ. ಹವೆಯ ಬಗ್ಗೆ, ಡೀಸೆಲ್ ಬಗ್ಗೆ ಮಾತಾಡಿ ಎದ್ದುಹೋಗುತ್ತಿದ್ದರು. ವಿನೋದ ಮಾತ್ರ ಒಮ್ಮೆ ನೇರವಾಗಿ ಹೇಳಿದ: "ನಿನ್ನ ಎದುರಿಗೆ ಸೀನೋಕೂ ಹೆದರಿಕೆ ಮಾರಾಯ."

ಪೇಜಿಗೆ ಹಾಕಲು ಏನೂ ಸಿಗದೆ ವಾರಗಳು ಕಳೆದವು. ಹರ್ಷವರ್ಧನ ದಿನಾ ಕೇಳುತ್ತಿದ್ದ. ಮೊದಮೊದಲು ನಗುತ್ತಾ ಕೇಳುತ್ತಿದ್ದ.

ಒಂದು ಭಾನುವಾರ ಬೆಳಿಗ್ಗೆ ನಾಗೇಂದ್ರ ಮನೆಯಲ್ಲಿದ್ದ. ಭವ್ಯಾಳಿಗೆ ತವರಿನಿಂದ ಫೋನ್ ಬಂತು. ಅವಳ ತಮ್ಮನ ಸಂಸಾರದಲ್ಲಿ ಏನೋ ಗಲಾಟೆ ಎಂದು ಅವನಿಗೆ ಹಿಂದಿನ ದಿನವೇ ಅನುಮಾನ ಬಂದಿತ್ತು. ಅವಳು ಅವನನ್ನೊಮ್ಮೆ ನೋಡಿ, ಫೋನ್ ಹಿಡಿದುಕೊಂಡು ಹಿತ್ತಿಲಿಗೆ ನಡೆದಳು. ಬಾಗಿಲು ಎಳೆದುಕೊಂಡಳು.

ಮಗಳು ಜಗಲಿಯಲ್ಲಿ ಕೂತು ಮಗ್ಗಿ ಬರೆಯುತ್ತಿದ್ದಳು. ನಿನ್ನೆ ಶಾಲೆಯಿಂದ ಅತ್ತುಕೊಂಡು ಬಂದಿದ್ದಳು. ನಾಗೇಂದ್ರ ಅವಳ ಪಕ್ಕ ಕೂತು ತಲೆ ಸವರಿದ.

"ಶಾಲೇಲಿ ಎಂತಾಯ್ತೇ ನಿನ್ನೆ? ಯಾರು ಎಂತ ಅಂದ್ರು?"

ಹುಡುಗಿ ಬರೆಯುವುದನ್ನು ನಿಲ್ಲಿಸಿದಳು. ಅವನ ಅಂಗಿಯ ಜೇಬನ್ನು ನೋಡಿದಳು, ಆಮೇಲೆ ಮುಚ್ಚಿದ ಹಿತ್ತಿಲ ಬಾಗಿಲನ್ನು ನೋಡಿದಳು.

"ಎಂತ ಆಗಿಲ್ಲ ಅಪ್ಪ," ಎಂದಳು.